ಕ್ರಿ.ಶ. 200ರ ರೋಮನ್ ಸೈನಿಕನ ಭುಜಕ್ಕೆ ಯಾವ ಬ್ರೂಚ್?

ಪ್ರಶ್ನೆ: ನಾನು ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡುವ ಕನ್ನಡಿಗ. ಇಲ್ಲಿಯ ಒಂದು ರೋಮನ್ ರೀಎನಾಕ್ಟ್‌ಮೆಂಟ್ ಗುಂಪಿಗೆ, ಅಂದರೆ ಆ ಕಾಲದ ವೇಷ ತೊಟ್ಟು ಅಂದಿನ ಬದುಕನ್ನು ತೋರಿಸುವ ಗುಂಪಿಗೆ, ಹೊಸದಾಗಿ ಸೇರಿದ್ದೇನೆ. ಗುಂಪು ತೋರಿಸುವುದು ಕ್ರಿ.ಶ. 200ರ ಸುಮಾರಿನ ಸಾಲ್‌ಬುರ್ಗ್ ಕೋಟೆಯ ಸಹಾಯಕ ಪಡೆಯ ಸೈನಿಕರನ್ನು. ಉಣ್ಣೆಯ ಮೇಲುಹೊದಿಕೆ ಸಿದ್ಧವಾಗಿದೆ, ಅದಕ್ಕೆ ಬ್ರೂಚ್ ಬೇಕು. ಆನ್‌ಲೈನ್ ಅಂಗಡಿಯಲ್ಲಿ ಮೂರು ಇಷ್ಟವಾದವು: ಕಮಾನಿನಂಥ ‘ಔಕಿಸ್ಸಾ’, ಮೂರು ಗುಂಡುಗಳ ‘ಕ್ರಾಸ್‌ಬೋ’, ಬಣ್ಣದ ಎನಾಮಲ್ ತುಂಬಿದ ಪುಟ್ಟ ಮೊಲ. ಮೂರಕ್ಕೂ ‘ಅಸಲಿ ರೋಮನ್ ಮಾದರಿ’ ಎಂದೇ ಬರೆದಿದ್ದಾರೆ. ಯಾವುದನ್ನು ಕೊಳ್ಳಲಿ? ಹೆಂಡತಿಯೂ ಊರಿನ ಹೆಂಗಸಿನ ವೇಷ ಹಾಕುತ್ತಾಳೆ, ಅವಳಿಗೆ ಯಾವುದು? ಗುಂಪಿನಲ್ಲಿ ಒಬ್ಬರು ಟೋಗಾಕ್ಕೂ ಬ್ರೂಚ್ ಚುಚ್ಚುತ್ತಾರೆ, ಅದು ಸರಿಯೇ? ಹರಾಜು ತಾಣಗಳಲ್ಲಿ ನಿಜವಾದ ಪುರಾತನ ಬ್ರೂಚುಗಳೇ ನಕಲಿಗಿಂತ ಅಗ್ಗಕ್ಕೆ ಸಿಗುತ್ತವಲ್ಲ, ಅವನ್ನೇ ಕೊಂಡು ಹಾಕಿಕೊಂಡರೆ?

ಉತ್ತರ: ಅಂಗಡಿಯವರು ಸುಳ್ಳು ಹೇಳಿಲ್ಲ. ಮೂರೂ ರೋಮನ್ ಕಾಲದವೇ. ಆದರೆ ನಿಮ್ಮ ಸೈನಿಕನಿಗೆ ಮೂರೂ ಬೇಡ. ಔಕಿಸ್ಸಾ ಅವನ ಮುತ್ತಜ್ಜನ ಕಾಲದ್ದು, ನಿಮ್ಮ ವರ್ಷಕ್ಕೆ 130 ವರ್ಷ ಹಳತು. ಕ್ರಾಸ್‌ಬೋ ಅವನ ಮೊಮ್ಮಕ್ಕಳ ಕಾಲದ್ದು, ಇನ್ನೂ ಎಂಬತ್ತು ವರ್ಷ ಕಾಯಬೇಕು. ಮೊಲ ಕಾಲಕ್ಕೆ ಹೆಚ್ಚುಕಡಿಮೆ ಹೊಂದುತ್ತದೆ, ಆದರೆ ಒದ್ದೆಯಾದ ದಪ್ಪ ಉಣ್ಣೆಯ ಭಾರವನ್ನು ಹೊರುವ ತಾಕತ್ತು ಅದಕ್ಕಿಲ್ಲ. ನೀವು ಕೊಳ್ಳಬೇಕಾದದ್ದು ನೋಡಲು ಅಷ್ಟೇನೂ ಚೆನ್ನಾಗಿಲ್ಲದ, ಮೂರು ನಾಲ್ಕು ಸೆಂಟಿಮೀಟರ್ ಉದ್ದದ, ಮೊಣಕಾಲಿನ ಹಾಗೆ ಬಾಗಿದ ಒಂದು ಹಿತ್ತಾಳೆಯ ತುಂಡು. ಜರ್ಮನ್ನರು ಅದನ್ನು ‘ಕ್ನೀಫೀಬೆಲ್’ ಎನ್ನುತ್ತಾರೆ. ಮೊಣಕಾಲು ಬ್ರೂಚ್ ಅನ್ನೋಣ.

ಬ್ರೂಚ್ ವಿಷಯದಲ್ಲಿ ಹೊಸಬರು ಎಡವುವುದು ಒಂದೇ ಕಡೆ. ಆಭರಣದ ಅಂಗಡಿಗೆ ಹೋದ ಹಾಗೆ ಮೊದಲು ಬ್ರೂಚ್ ಆರಿಸುತ್ತಾರೆ, ಆಮೇಲೆ ಅದಕ್ಕೊಂದು ಬಟ್ಟೆ, ಬಟ್ಟೆಗೊಬ್ಬ ಮನುಷ್ಯ ಎಂದು ಹುಡುಕುತ್ತಾರೆ. ದಾರಿ ಇರುವುದು ತಿರುವುಮುರುವಾಗಿ. ಯಾವ ವರ್ಷ, ಯಾವ ಊರು, ಯಾರು, ಮೈಮೇಲೆ ಏನು ಹೊದ್ದಿದ್ದಾನೆ ಎನ್ನುವುದು ಮೊದಲು ಗೊತ್ತಾಗಬೇಕು. ಅಷ್ಟು ಗೊತ್ತಾದರೆ ಉಳಿಯುವುದು ಎರಡೋ ಮೂರೋ ಬ್ರೂಚ್ ಮಾತ್ರ. ರೋಮ್ ಸಾಮ್ರಾಜ್ಯದ ಈ ಸಣ್ಣ ಲೋಹದ ಪಿನ್ನುಗಳು ಕಾಲದಿಂದ ಕಾಲಕ್ಕೆ ರೂಪ ಬದಲಿಸಿದವು. ಬ್ರಿಟನ್ನಿನಲ್ಲಿ ಓಡಿದ್ದು ಡ್ಯಾನ್ಯೂಬ್ ದಡದಲ್ಲಿ ಓಡಲಿಲ್ಲ. ಅಗೆತದಲ್ಲಿ ಪದರದ ಕಾಲ ಹೇಳಲು ಪುರಾತತ್ತ್ವಜ್ಞರು ನಾಣ್ಯ, ಮಡಕೆಗಳ ಜೊತೆಗೆ ಬ್ರೂಚುಗಳನ್ನು ನೆಚ್ಚಿಕೊಳ್ಳುವುದು ಅದಕ್ಕೇ. ಹಾಗಾಗಿ ತಿಳಿದವರು ಯಾರಾದರೂ ನಿಮ್ಮ ಶಿಬಿರಕ್ಕೆ ಬಂದರೆ ಮೊದಲು ನೋಡುವುದು ಕತ್ತಿಯನ್ನಲ್ಲ, ಭುಜವನ್ನು.

ಹೊದಿಕೆಯಿಂದ ಶುರು ಮಾಡೋಣ. ರೋಮನ್ ಸೈನಿಕ ಮುಖ್ಯವಾಗಿ ಹೊದೆಯುತ್ತಿದ್ದದ್ದು ಎರಡು ಬಗೆ. ಒಂದು ಪೇನುಲಾ: ತಲೆ ತೂರಿಸಿ ಹಾಕುವ, ಕೆಲವೊಮ್ಮೆ ಮುಂಭಾಗದಲ್ಲಿ ಸೇರಿಸಿಕೊಳ್ಳುವ ಅಂಗಿಯಂಥದ್ದು, ಹೆಚ್ಚಾಗಿ ಟೊಪ್ಪಿಯೂ ಇರುತ್ತಿತ್ತು. ಅದಕ್ಕೆ ಭುಜದ ಬ್ರೂಚ್ ಬೇಕಿಲ್ಲ. ಇನ್ನೊಂದು ಸಾಗುಮ್: ಹೊಲಿಗೆಯಿಲ್ಲದ ಆಯತಾಕಾರದ ಉಣ್ಣೆ ಬಟ್ಟೆ. ಅದನ್ನು ಎಡಭುಜದ ಮೇಲಿಂದ ಸುತ್ತಿ ಎರಡೂ ಅಂಚುಗಳನ್ನು ಬಲಭುಜದ ಮೇಲೆ ಕೂಡಿಸಿ ಒಂದೇ ಬ್ರೂಚಿನಿಂದ ಹಿಡಿಸುತ್ತಿದ್ದರು. ಬಲಗೈ ಪೂರ್ತಿ ಬಿಡುವಾಗಿರಬೇಕು, ಕತ್ತಿ ಹಿಡಿಯುವ ಕೈ ಅದು. ಮೊದಲನೆಯ ಶತಮಾನದ ಗೋರಿಕಲ್ಲುಗಳಲ್ಲಿ ಪೇನುಲಾ ಸಾಕಷ್ಟು ಕಾಣಿಸುತ್ತದೆ; ಮೂರನೆಯ ಶತಮಾನದ ಹೊತ್ತಿಗೆ ಸಾಗುಮ್, ಉದ್ದ ತೋಳಿನ ಟ್ಯೂನಿಕ್ ಅಂಗಿ, ಉಂಗುರದ ಬಕಲ್ ಇರುವ ಅಗಲ ಸೊಂಟಪಟ್ಟಿ, ಇವೇ ಸೈನಿಕನ ಗುರುತಾಗಿಬಿಡುತ್ತವೆ. ನೀವು ಹೊಲಿಸಿರುವುದು ಆಯತಾಕಾರದ ಹೊದಿಕೆಯೇ ಆಗಿದ್ದರೆ 200ಕ್ಕೆ ಅದು ಸರಿಯಾಗಿ ಕೂರುತ್ತದೆ.

ಟೋಗಾದ, ಅಂದರೆ ರೋಮನ್ ನಾಗರಿಕರು ಮೈಸುತ್ತ ಹೊದೆಯುತ್ತಿದ್ದ ದೊಡ್ಡ ಬಟ್ಟೆಯ, ಪ್ರಶ್ನೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ತಪ್ಪು. ಟೋಗಾಕ್ಕೆ ಪಿನ್ನಿಲ್ಲ. ನಮ್ಮಲ್ಲಿ ಶಲ್ಯ ಹೊದ್ದವರು ಅದನ್ನು ಭುಜದ ಮೇಲೆ ನಿಲ್ಲಿಸಲು ಪಿನ್ ಚುಚ್ಚುವುದಿಲ್ಲವಲ್ಲ, ಬಟ್ಟೆಯ ತೂಕ ಮತ್ತು ಮೈಯ ಅಭ್ಯಾಸದಿಂದಲೇ ಅದು ನಿಲ್ಲುತ್ತದೆ. ಟೋಗಾವೂ ಹಾಗೆಯೇ. ಎಡಗೈಯನ್ನು ಮಡಿಸಿಟ್ಟುಕೊಂಡು, ಆರಾಮವಾಗಿ ನಡೆಯುವ ಮನುಷ್ಯನ ಉಡುಪು ಅದು. ಅದರಲ್ಲಿ ಓಡಾಡಿ ಕೆಲಸ ಮಾಡಲಾಗದು ಎನ್ನುವುದೇ ಅದರ ಅಂತಸ್ತು. ನಿಮ್ಮ ಗುಂಪಿನವರಿಗೆ ಟೋಗಾ ಜಾರುತ್ತಿದ್ದರೆ ಬಟ್ಟೆ ಹಗುರವಾಗಿದೆ, ಇಲ್ಲವೇ ಬೆಡ್‌ಶೀಟಿನ ಹತ್ತಿಯದು. ಉಣ್ಣೆಗೆ ಬದಲಾಯಿಸಲು ಹೇಳಿ. ಅಂಗಡಿಗಳು ‘ಟೋಗಾ ಬ್ರೂಚ್’ ಎಂದು ಮಾರುವ ವಸ್ತುವಿಗೆ ಇತಿಹಾಸದಲ್ಲಿ ಜಾಗವಿಲ್ಲ.

ಇನ್ನು ಔಕಿಸ್ಸಾ. ಅದು ಎಲ್ಲಾ ಅಂಗಡಿಯಲ್ಲೂ ಸಿಗುವುದಕ್ಕೆ ಕಾರಣ ಈ ಹವ್ಯಾಸದೊಳಗಿನದೇ. ಪಟ್ಟಿಪಟ್ಟಿ ಕವಚ, ಬಾಗಿದ ಆಯತದ ಗುರಾಣಿಯ ಮೊದಲನೆಯ ಶತಮಾನದ ಲೀಜನರಿಯೇ (ರೋಮ್‌ನ ಮುಖ್ಯ ಪಡೆಯಾದ ಲೀಜನ್ನಿನ ಸೈನಿಕ) ಎಲ್ಲರಿಗೂ ಬೇಕು. ಅವನ ಬ್ರೂಚ್ ಔಕಿಸ್ಸಾ. ಅಗಸ್ಟಸ್ ಚಕ್ರವರ್ತಿಯ ಕಾಲದಿಂದ ನೀರೋ ಕಾಲದವರೆಗೆ ಇದರ ಓಟ. ಹಿತ್ತಾಳೆಯ ಪಟ್ಟಿಯನ್ನು ಬಡಿದು ಅರ್ಧವೃತ್ತಕ್ಕೆ ಬಗ್ಗಿಸಿ, ತುದಿಗೊಂದು ಗುಂಡಿಯಿಟ್ಟು, ತಲೆಯ ಭಾಗವನ್ನು ಒಂದು ಅಡ್ಡಕಡ್ಡಿಯ ಸುತ್ತ ಸುರುಳಿ ಮಾಡಿ ಅದರಲ್ಲಿ ಸೂಜಿಯನ್ನು ಕೀಲಿನಂತೆ ಕೂರಿಸುತ್ತಿದ್ದರು. ಕೆಲವುದರ ತಲೆಯ ಮೇಲೆ ಔಕಿಸ್ಸಾ ಎಂಬ ತಯಾರಕನ ಹೆಸರು ಅಚ್ಚಾಗಿದೆ. ಹೆಸರಿಲ್ಲದವಕ್ಕೂ ಅದೇ ಹೆಸರು ಅಂಟಿತು. ಸೈನ್ಯ ಹೋದಲ್ಲೆಲ್ಲ ಅದೂ ಹೋಯಿತು. ಕ್ರಿ.ಶ. 9ರಲ್ಲಿ ಮೂರು ಲೀಜನ್‌ಗಳು ನಾಶವಾದ ಯುದ್ಧದ ಜಾಗವೆಂದು ಹೆಚ್ಚಿನವರು ಒಪ್ಪುವ ಜರ್ಮನಿಯ ಕಾಲ್ಕ್ರೀಸೆಯಲ್ಲೂ ಸಿಕ್ಕಿದೆ, 43ರಲ್ಲಿ ಸೈನ್ಯ ಸಮುದ್ರ ದಾಟಿದಾಗ ಬ್ರಿಟನ್ನಿಗೂ ಬಂತು. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಟೈಬೀರಿಯಸ್ ಚಕ್ರವರ್ತಿಯ ಬೆಳ್ಳಿ ನಾಣ್ಯ ಸಿಕ್ಕ ಸುದ್ದಿ ನೀವು ಕೇಳಿರಬಹುದು. ಆ ನಾಣ್ಯ ಟಂಕವಾದ ವರ್ಷಗಳಲ್ಲಿ ರೈನ್ ದಡದ ಸೈನಿಕರ ಭುಜದ ಮೇಲೆ ಇದ್ದದ್ದು ಇದೇ ಬ್ರೂಚ್.

‘ಅಜ್ಜನ ಕಾಲದ್ದು, ಮನೆಯಲ್ಲಿತ್ತು, ಹಾಕಿಕೊಂಡೆ’ ಎಂಬ ಸಮಜಾಯಿಷಿ ಎಲ್ಲ ಗುಂಪುಗಳಲ್ಲೂ ಕೇಳಿಬರುತ್ತದೆ. ತಲೆಮಾರು ದಾಟಿದ ವಸ್ತುಗಳು ಅಂದೂ ಇದ್ದವು, ಸುಳ್ಳಲ್ಲ. ಆದರೆ ಶಿಬಿರದಲ್ಲಿ ನೀವೊಬ್ಬರು ನಿಂತಿರುವುದು ಆ ಕಾಲದ ಸಾವಿರಾರು ಜನರ ಪರವಾಗಿ. ನೋಡಲು ಬಂದ ಶಾಲೆಯ ಮಗು ನಿಮ್ಮನ್ನು ನೋಡಿ ‘200ರಲ್ಲಿ ಹೀಗಿತ್ತು’ ಎಂದು ತಿಳಿದು ಹೋಗುತ್ತದೆ. ಅಪರೂಪಕ್ಕೆ ನಡೆದಿರಬಹುದಾದದ್ದನ್ನು ತೋರಿಸುವುದಕ್ಕಿಂತ ಎಲ್ಲರೂ ಮಾಡುತ್ತಿದ್ದದ್ದನ್ನು ತೋರಿಸುವುದು ಮೇಲು. ಗುಂಪಿನ ಹತ್ತು ಜನರಲ್ಲಿ ಆರು ಜನರಿಗೆ ಅಜ್ಜನ ಬ್ರೂಚೇ ಸಿಕ್ಕಿದ್ದರೆ ಅದು ಇತಿಹಾಸವಲ್ಲ, ಅಂಗಡಿಯ ಸ್ಟಾಕು.

ಕ್ರಾಸ್‌ಬೋ ಬ್ರೂಚಿನ ಮೇಲೆ ಯಾರಿಗೂ ಆಸೆ ಹುಟ್ಟುವುದು ಸಹಜ. ಅಡ್ಡಪಟ್ಟಿಯ ಎರಡು ತುದಿಗೆ ಒಂದೊಂದು, ತಲೆಗೊಂದು, ಹೀಗೆ ಈರುಳ್ಳಿಯಾಕಾರದ ಮೂರು ಗುಂಡುಗಳು. ಕೈಯಲ್ಲಿ ಹಿಡಿದರೆ ತೂಕ ಗೊತ್ತಾಗುತ್ತದೆ. ಈ ಪೂರ್ಣ ರೂಪ ಬರುವುದು 280ರ ಆಸುಪಾಸಿಗೆ, ಅಲ್ಲಿಂದ ಐದನೆಯ ಶತಮಾನದವರೆಗೆ ಸೈನಿಕರ, ಸರ್ಕಾರಿ ಅಧಿಕಾರಿಗಳ ಅಧಿಕಾರದ ಗುರುತಾಗಿ ನಿಲ್ಲುತ್ತದೆ. ಇಟಲಿಯ ಮೊಂಟ್ಸಾ ಕ್ಯಾಥೆಡ್ರಲ್ಲಿನ ದಂತದ ಫಲಕದಲ್ಲಿ ಸೇನಾಪತಿ ಸ್ಟಿಲಿಕೋನ ಚಿತ್ರವಿದೆ, 400ರ ಸುಮಾರಿನದು. ಅವನ ಬಲಭುಜದ ಮೇಲೆ ಇದೇ ಬ್ರೂಚ್ ಸ್ಪಷ್ಟವಾಗಿ ಕಾಣುತ್ತದೆ, ಪಾದದ ತುದಿ ಮೇಲಕ್ಕೆ, ಗುಂಡುಗಳು ಕೆಳಕ್ಕೆ. ಮ್ಯೂಸಿಯಂಗಳಲ್ಲಿ ಎಷ್ಟೋ ಸಲ ತಲೆಕೆಳಗಾಗಿ ಜೋಡಿಸಿಟ್ಟಿರುವುದರಿಂದ ಇಂದಿನವರು ಹಾಗೆಯೇ ಹಾಕಿಕೊಳ್ಳುತ್ತಾರೆ. ಫ್ರಾಂಕ್ ದೊರೆ ಚಿಲ್ಡೆರಿಕ್ 481–82ರಲ್ಲಿ ಸತ್ತಾಗ ಅವನ ಗೋರಿಯೊಳಗೂ ಚಿನ್ನದ ಒಂದು ಕ್ರಾಸ್‌ಬೋ ಇಟ್ಟಿದ್ದರು, ರೋಮನ್ ಅಧಿಕಾರ ತನಗಿದೆ ಎಂದು ಹೇಳಿಕೊಳ್ಳುವ ರೀತಿ ಅದು. 1653ರಲ್ಲಿ ಬೆಲ್ಜಿಯಂನ ಟೂರ್ನೆಯಲ್ಲಿ ಗೋರಿ ಸಿಕ್ಕಿತು. ಅದರ ನಿಧಿಯ ಬಹುಪಾಲು 1831ರಲ್ಲಿ ಪ್ಯಾರಿಸ್ಸಿನಲ್ಲಿ ಕಳ್ಳತನವಾಗಿ ಹೋಯಿತು. ಇಷ್ಟೆಲ್ಲ ಕಥೆಯಿರುವ ಬ್ರೂಚ್ ಹೌದು. ಆದರೆ ನಿಮ್ಮ ಸಾಲ್‌ಬುರ್ಗ್ ಇರುವ ಗಡಿಸಾಲನ್ನು ರೋಮನ್ನರು ಬಿಟ್ಟು ಹೋದದ್ದೇ 260ರ ಸುಮಾರಿಗೆ. ಅಲ್ಲಿಯ ಸೈನಿಕರು ಈರುಳ್ಳಿ ಗುಂಡಿನ ಬ್ರೂಚ್ ನೋಡಲು ಕೋಟೆಯೇ ಉಳಿದಿರಲಿಲ್ಲ.

ಹಾಗಾದರೆ ಅವರ ಭುಜದ ಮೇಲೆ ಏನಿತ್ತು? ಈ ಪ್ರಶ್ನೆಗೆ ಉತ್ತರ ಹುಡುಕಲು ನಿಮ್ಮಷ್ಟು ಅದೃಷ್ಟವಂತರು ಕಡಿಮೆ. ಸಾಲ್‌ಬುರ್ಗ್ ಮತ್ತು ಅದೇ ಗಡಿಸಾಲಿನ ತ್ಸುಗ್‌ಮಾಂಟೆಲ್ ಕೋಟೆಯ ಅಗೆತದಲ್ಲಿ ಸಿಕ್ಕ ಬ್ರೂಚುಗಳನ್ನು ಆಸ್ಟ್ರಿಡ್ ಬೋಮೆ ವರ್ಗೀಕರಿಸಿ 1972ರಲ್ಲಿ ಪ್ರಕಟಿಸಿದರು. ಜರ್ಮನಿಯ ಗಡಿಸಾಲಿನ ಬ್ರೂಚುಗಳಿಗೆ ಇಂದೂ ‘ಬೋಮೆ ಇಷ್ಟನೆಯ ಬಗೆ’ ಎಂದೇ ಕರೆಯುತ್ತಾರೆ. ನೀವು ವೇಷ ಹಾಕುವ ಕೋಟೆಯದೇ ಪಟ್ಟಿ ಇದ್ದ ಮೇಲೆ ಅಂದಾಜಿನ ಮಾತೇಕೆ? ಮಾರುವವರ ಪುಟದಲ್ಲಿ ಆಲ್ಮ್‌ಗ್ರೆನ್ ಸಂಖ್ಯೆಯೂ ಕಾಣಬಹುದು, ಅದು ಸ್ವೀಡನ್ನಿನ ಓಸ್ಕರ್ ಆಲ್ಮ್‌ಗ್ರೆನ್ 1897ರಲ್ಲಿ ಹಾಕಿಕೊಟ್ಟ ಪಟ್ಟಿ. ರಿಹಾ ಎಂಬ ಸಂಶೋಧಕಿಯ ಹೆಸರಿದ್ದರೆ ಅದು ಸ್ವಿಟ್ಜರ್‌ಲೆಂಡಿನ ಔಗ್‌ಸ್ಟ್ ಊರಿನ ಬ್ರೂಚುಗಳ ಪಟ್ಟಿ. ಸಂಖ್ಯೆ ಕೊಟ್ಟಿರುವ ಮಾರಾಟಗಾರ ಕನಿಷ್ಠ ಮನೆಗೆಲಸ ಮಾಡಿದ್ದಾನೆ ಎಂದರ್ಥ. ಸಂಖ್ಯೆಯೊಂದೇ ನಂಬಿಕೆಗೆ ಸಾಲದು, ಆದರೆ ‘ಲೀಜನ್ ಕಮಾಂಡರ್ ಬ್ರೂಚ್’ ಎಂದು ಬರೆಯುವವನಿಗಿಂತ ಮೇಲು.

ಮೊಣಕಾಲು ಬ್ರೂಚ್ ಎರಡನೆಯ ಶತಮಾನದ ನಡುವಿನಿಂದ ಮೂರನೆಯದರ ಮೊದಲ ಭಾಗದವರೆಗೆ ರೈನ್–ಡ್ಯಾನ್ಯೂಬ್ ಗಡಿಯ ಕೋಟೆಗಳಲ್ಲಿ ರಾಶಿರಾಶಿ ಸಿಗುತ್ತದೆ. ಬದಿಯಿಂದ ನೋಡಿ. ತಲೆಯಿಂದ ಹೊರಟ ಲೋಹ ಸ್ವಲ್ಪ ಮುಂದಕ್ಕೆ ಚಾಚಿ ತಟ್ಟನೆ ಕೆಳಕ್ಕೆ ಮುರಿದುಕೊಳ್ಳುತ್ತದೆ, ಆಮೇಲೆ ನೇರವಾಗಿ ಪಾದಕ್ಕೆ ಇಳಿಯುತ್ತದೆ. ಔಕಿಸ್ಸಾದ ಚೆಂದದ ಕಮಾನು ಇಲ್ಲಿಲ್ಲ. ತಲೆಯಲ್ಲಿ ಒಂದೋ ಕೊಳವೆಯಾಕಾರದ ಗೂಡು, ಅದರೊಳಗೆ ಸ್ಪ್ರಿಂಗ್ ಅಡಗಿರುತ್ತದೆ. ಇಲ್ಲವೇ ಅರ್ಧಚಂದ್ರಾಕಾರದ ತಟ್ಟೆ, ಅದರ ಹಿಂದೆ ಸ್ಪ್ರಿಂಗ್. ಕೆಲವು ತಟ್ಟೆಗಳ ಅಂಚಿನಲ್ಲಿ ಸೂಜಿಮೊನೆಯಿಂದ ಕೊರೆದ ಅಂಕುಡೊಂಕು ಗೆರೆಗಳಿರುತ್ತವೆ. ಬೆನ್ನಿನ ಭಾಗ ಅರದಿಂದ ಉಜ್ಜಿ ಮೂಲೆಮೂಲೆಯಾಗಿರುತ್ತದೆ. ಕೆಲವಕ್ಕೆ ತವರದ ಕಲಾಯಿ ಹಾಕಿ ಬೆಳ್ಳಿಯಂತೆ ಕಾಣಿಸುತ್ತಿದ್ದರು. ಇಷ್ಟೇ ಅಲಂಕಾರ. ಅದರ ಹೆಚ್ಚುಗಾರಿಕೆ ಇರುವುದು ಆ ಮುರಿತದೊಳಗೆ: ಸೂಜಿಗೂ ಬೆನ್ನಿಗೂ ನಡುವೆ ಉಳಿಯುವ ಜಾಗದಲ್ಲಿ ಎರಡು ಪದರ ದಪ್ಪ ಉಣ್ಣೆ ಸುಕ್ಕಾಗಿ ಕೂರುತ್ತದೆ, ಜಾರುವುದಿಲ್ಲ.

ನಕಲು ಮಾಡುವವರು ಇಲ್ಲಿ ಮಾಡುವ ದೊಡ್ಡ ಅನ್ಯಾಯ ಗಾತ್ರದ್ದು. ಮೂಲ ಬ್ರೂಚುಗಳು ಅಂಗೈಯಲ್ಲಿಟ್ಟರೆ ಕಳೆದುಹೋಗುವಷ್ಟು ಸಣ್ಣವು. ಫೋಟೋದಲ್ಲಿ ಚೆನ್ನಾಗಿ ಕಾಣಲಿ, ಕೊಟ್ಟ ದುಡ್ಡಿಗೆ ತೂಕ ಬರಲಿ ಎಂದು ಆರೇಳು ಸೆಂಟಿಮೀಟರಿಗೆ ಹಿಗ್ಗಿಸಿ ಎರಕ ಹೊಯ್ಯುತ್ತಾರೆ. ಆರು ಸೆಂಟಿಮೀಟರಿನ ಮೊಣಕಾಲು ಬ್ರೂಚ್ ಕಂಡರೆ ಮುಂದಕ್ಕೆ ಹೋಗಿ. ಅಗೆತದ ವರದಿಗಳಲ್ಲಿ ಬ್ರೂಚಿನ ರೇಖಾಚಿತ್ರವನ್ನು ಸಾಮಾನ್ಯವಾಗಿ ನಿಜಗಾತ್ರದಲ್ಲಿ ಅಥವಾ 2:3 ಪ್ರಮಾಣದಲ್ಲಿ ಮುದ್ರಿಸಿರುತ್ತಾರೆ, ಮುಂದಿನಿಂದ ಒಂದು, ಬದಿಯಿಂದ ಒಂದು. ಪ್ರಮಾಣ ನೋಡಿಕೊಂಡು ಸ್ಕೇಲ್ ಹಿಡಿದು ಅಳೆದರೆ ಮುಗಿಯಿತು.

ಎರಡನೆಯದು ಬ್ರೂಚಿನ ಬೆನ್ನು. ಮಾರುವವರು ಮುಖದ ಫೋಟೋ ಮಾತ್ರ ಹಾಕುತ್ತಾರೆ. ಬೆನ್ನಿನ ಫೋಟೋ ಕೇಳಿ ತರಿಸಿಕೊಳ್ಳಿ. ಅಲ್ಲಿ ಇಂದಿನ ಸೀರೆ ಪಿನ್ನಿನ ಉರುಟು ಬೀಗ ಬೆಸುಗೆ ಹಾಕಿದ್ದರೆ ಆ ವ್ಯವಹಾರ ಬೇಡ. ರೋಮನ್ ಬ್ರೂಚಿನಲ್ಲಿ ಸೂಜಿಯ ತುದಿ ಕೂರುವುದು ಪಾದದಿಂದ ಹೊರಟ ತಗಡೊಂದನ್ನು ಮಡಿಸಿದ ಗೂಡಿನೊಳಗೆ. ಸೂಜಿಯನ್ನು ಅಲ್ಲಿ ಒತ್ತಿ ಹಿಡಿಯುವುದು ಸ್ಪ್ರಿಂಗಿನ ಬಿಗಿ. ಮೊಣಕಾಲು ಬ್ರೂಚಿನ ಸ್ಪ್ರಿಂಗ್ ಬೇರೆ ತಂತಿಯದು. ಅದನ್ನು ಅಡ್ಡಕಡ್ಡಿಗೆ ಎರಡೂ ಕಡೆ ಸುತ್ತಿ, ಎರಡು ಸುರುಳಿಗಳನ್ನು ಸೇರಿಸುವ ತಂತಿಯ ಭಾಗವನ್ನು ತಲೆಗೆ ಆನಿಸಿರುತ್ತಾರೆ. ಅದು ಬಿಗಿಯಾಗಿರಬೇಕಾದರೆ ತಂತಿಯನ್ನು ಎಳೆದು, ಬಡಿದು ಗಡುಸಾಗಿಸಿರಬೇಕು. ಎರಕ ಹೊಯ್ದ ಮೆದು ಸೂಜಿ ಮೊದಲನೆಯ ಮಳೆಗೆ ಒದ್ದೆ ಹೊದಿಕೆಯ ಭಾರಕ್ಕೇ ಬಾಗಿ ನಿಲ್ಲುತ್ತದೆ. ಔಕಿಸ್ಸಾದಂಥ ಕೀಲಿನ ಬ್ರೂಚಿನಲ್ಲಿ ಸ್ಪ್ರಿಂಗ್ ಇರುವುದಿಲ್ಲ, ಸೂಜಿಯ ಬುಡದ ಚಿಕ್ಕ ಉಬ್ಬೊಂದು ತಲೆಗೆ ಆತು ಬಿಗಿ ಕೊಡುತ್ತದೆ. ಈ ಎರಡನ್ನು ಬೆರೆಸಿದ ಕಲಬೆರಕೆ ಮಾದರಿಗಳೂ ಮಾರುಕಟ್ಟೆಯಲ್ಲಿವೆ, ಎಚ್ಚರ.

ಲೋಹ ಹೊಸ ಹಿತ್ತಾಳೆಯ ಹೊಂಬಣ್ಣದಲ್ಲಿದ್ದರೆ ಸಂಕೋಚ ಬೇಡ. ಮ್ಯೂಸಿಯಂನಲ್ಲಿ ಕಾಣುವ ಹಸಿರು ಸಾವಿರದೆಂಟುನೂರು ವರ್ಷ ಮಣ್ಣಲ್ಲಿ ಬಿದ್ದದ್ದರ ಬಣ್ಣ. ಸೈನಿಕ ಅದನ್ನು ಕೊಂಡಾಗ ಅದು ಹೊಳೆಯುತ್ತಿತ್ತು. ‘ಆಂಟಿಕ್ ಫಿನಿಶ್’ ಎಂದು ಹಸಿರು ಬಳಿದದ್ದನ್ನು ಹಾಕಿಕೊಂಡು ನಿಂತರೆ ನೀವು ತೋರಿಸುತ್ತಿರುವುದು ಕ್ರಿ.ಶ. 200ನ್ನಲ್ಲ, ಮ್ಯೂಸಿಯಂನ ಗಾಜಿನ ಪೆಟ್ಟಿಗೆಯನ್ನು. ಮಂಕಾದರೆ ಹುಣಸೆಹಣ್ಣಿನಿಂದ ತಿಕ್ಕಿ, ಚೆನ್ನಾಗಿ ತೊಳೆದು ಒಣಗಿಸಿ. ಊರಿನ ಅಭ್ಯಾಸ ಇಲ್ಲೂ ಕೆಲಸಕ್ಕೆ ಬರುತ್ತದೆ. ತವರದ ಕಲಾಯಿ ಇದ್ದರೆ ಮಾತ್ರ ಹುಣಸೆ ಮುಟ್ಟಿಸಬೇಡಿ. ಸ್ಪ್ರಿಂಗಿನ ಅಡ್ಡಕಡ್ಡಿ ಕಬ್ಬಿಣದ್ದಾಗಿದ್ದರೆ ಅದಕ್ಕೂ ಹುಳಿ ತಾಗದಿರಲಿ, ತುಕ್ಕು ಹಿಡಿದು ಉಣ್ಣೆಗೆ ಕಲೆಯಾಗುತ್ತದೆ.

ಚುಚ್ಚುವ ರೀತಿಯನ್ನೂ ಹೇಳಿಬಿಡುತ್ತೇನೆ. ಹೊದಿಕೆಯ ಎರಡು ಅಂಚು ಸೇರುವಲ್ಲಿ ಬಟ್ಟೆಯನ್ನು ಚಿವುಟಿ ಎತ್ತಿ, ಸೂಜಿಯನ್ನು ಒಳಗೆ ತೂರಿಸಿ ಸ್ವಲ್ಪ ಮುಂದೆ ಹೊರಗೆ ತನ್ನಿ. ಬಟ್ಟೆಯ ಆ ಚಿಕ್ಕ ಗುಡ್ಡೆ ಬ್ರೂಚಿನ ಬಾಗಿನೊಳಗೆ ಹೋಗಿ ಕೂರಬೇಕು. ನಾಲ್ಕು ಮಡಿಕೆ ಮಾಡಿ ಚುಚ್ಚಲು ಹೋಗಬೇಡಿ. ಸೂಜಿಯ ಮೊನೆ ಉರುಟಾಗಿ, ನಯವಾಗಿರಲಿ. ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗಬೇಕೇ ಹೊರತು ಎಳೆ ಕತ್ತರಿಸಬಾರದು. ಕೊಂಡ ದಿನವೇ ಮೊನೆಗೆ ಸಣ್ಣ ಉಜ್ಜುಕಾಗದ ಹಾಕಿ.

ಗೋರಿಕಲ್ಲುಗಳ ಚಿತ್ರ ನೋಡಿ ನಿಮ್ಮ ಗುಂಪಿನವರು ಒಂದು ಆಕ್ಷೇಪ ಎತ್ತಬಹುದು. ರೋಮ್ ನಗರದ ಟ್ರಾಜನ್ ಸ್ತಂಭದಲ್ಲಾಗಲಿ, ಆ ಕಾಲದ ಎಷ್ಟೋ ಗೋರಿಕಲ್ಲುಗಳಲ್ಲಾಗಲಿ ಸೈನಿಕರ ಭುಜದ ಮೇಲೆ ಇರುವುದು ದುಂಡನೆಯ ಬಿಲ್ಲೆ, ಮೊಣಕಾಲಲ್ಲ. ನಿಜ. ಆದರೆ ಶಿಲ್ಪಿಗೆ ಅದು ಬೆರಳಿನಗಲದ ಜಾಗ. ಒಂದು ಗುಂಡು ಕೆತ್ತಿದರೆ ಬ್ರೂಚ್ ಎಂದು ನೋಡುವವರಿಗೆ ತಿಳಿಯುತ್ತಿತ್ತು. ಕಲ್ಲಿನ ಮೇಲೆ ಕಂಡದ್ದಕ್ಕೂ ಕೋಟೆಯ ಕೊಳಚೆಗುಂಡಿಯಲ್ಲಿ ಸಿಕ್ಕಿದ್ದಕ್ಕೂ ಹೊಂದಿಕೆಯಾಗದಿದ್ದಾಗ ಸಾಮಾನ್ಯ ಸೈನಿಕನ ವಿಷಯದಲ್ಲಿ ನಾನು ಕೊಳಚೆಗುಂಡಿಯನ್ನೇ ನಂಬುತ್ತೇನೆ. ದುಂಡನೆಯದು ಬೇಕೇ ಬೇಕು ಎನ್ನುವವರಿಗೆ ಬಾಯಿ ಬಿಟ್ಟ ಉಂಗುರದ ಬ್ರೂಚ್ ಇದೆ: ಪೂರ್ತಿ ಮುಚ್ಚದ ಒಂದು ಬಳೆ, ಅದರ ಮೇಲೆ ಜಾರಾಡುವ ಸೂಜಿ. ಬಟ್ಟೆಗೆ ಚುಚ್ಚಿ, ಸೂಜಿಯ ತುದಿಯನ್ನು ಬಾಯಿಯೊಳಗಿಂದ ಮೇಲೆ ತಂದು, ಬಳೆಯನ್ನು ತಿರುಗಿಸಿದರೆ ಹಿಡಿಯುತ್ತದೆ. ಅಗ್ಗ, ಕೆಡುವ ಭಾಗವಿಲ್ಲ, ಗಡಿಕೋಟೆಗಳಲ್ಲಿ ಸಿಕ್ಕಿದೆ. ಮೂರು ಸೆಂಟಿಮೀಟರಿನ ಆಸುಪಾಸಿನದು, ತುದಿಗಳು ಸಣ್ಣ ಗುಂಡಿಯಾಗಿಯೋ ಹಿಂದಕ್ಕೆ ಸುರುಳಿಯಾಗಿಯೋ ಇರುವುದು, ಸೂಜಿ ಬಳೆಯ ಅಗಲಕ್ಕಿಂತ ತುಸು ಮಾತ್ರ ಉದ್ದ, ಹೀಗಿದ್ದರೆ ಸರಿ. ಗೇಣುದ್ದದ ಸೂಜಿ, ಬಳ್ಳಿ ಹೆಣೆದ ಕೆತ್ತನೆ, ತೋಳದ ತಲೆ ಇರುವವು ರೋಮ್ ಹೋಗಿ ಶತಮಾನಗಳಾದ ಮೇಲಿನ ಐರ್ಲೆಂಡ್, ಸ್ಕ್ಯಾಂಡಿನೇವಿಯಾ ಕಡೆಯ ಮಾದರಿಗಳಿಂದ ಬಂದವು, ಇಲ್ಲವೇ ಪೂರ್ತಿ ಕಲ್ಪನೆ. ಹದ್ದು, ಎಸ್‌ಪಿಕ್ಯೂಆರ್ (ರೋಮ್ ರಾಜ್ಯದ ಸಂಕೇತಾಕ್ಷರ) ಇರುವ ಬಿಲ್ಲೆಗಳಂತೂ ಪ್ರವಾಸಿಗಳ ಅಂಗಡಿಗೆ ಸೇರಿದ್ದು.

ಇನ್ನೊಂದು ವಿಷಯ, ಕನ್ನಡಿಗರಾದ ನಿಮಗೆ ವಿಶೇಷವಾಗಿ ಹೇಳಬೇಕು. ಎರಡು ಮತ್ತು ಮೂರನೆಯ ಶತಮಾನದ ಗಡಿಕೋಟೆಗಳಲ್ಲಿ ಸ್ವಸ್ತಿಕದ ಆಕಾರದ ಬ್ರೂಚುಗಳೂ ಸಿಕ್ಕಿವೆ. ಕಾಲ ಸರಿ, ಜಾಗ ಸರಿ, ಸೈನಿಕರ ವಸ್ತುವೆನ್ನುವುದೂ ಸರಿ. ಮನೆಯ ಹೊಸ್ತಿಲಲ್ಲಿ ಸ್ವಸ್ತಿಕ ಬರೆದು ಬೆಳೆದ ನಮಗೆ ಅದು ಕಣ್ಣಿಗೆ ಬಿದ್ದರೆ ಖುಷಿಯೇ ಆಗುತ್ತದೆ. ಆದರೆ ನೀವಿರುವುದು ಜರ್ಮನಿಯಲ್ಲಿ. ಅಲ್ಲಿಯ ದಂಡಸಂಹಿತೆಯ 86ಎ ಕಲಮು ನಾಜಿ ಚಿಹ್ನೆಗಳ ಸಾರ್ವಜನಿಕ ಬಳಕೆಯನ್ನು ಅಪರಾಧವೆನ್ನುತ್ತದೆ. ಶಿಕ್ಷಣ, ಸಂಶೋಧನೆ, ಇತಿಹಾಸದ ನಿರೂಪಣೆಗೆ ವಿನಾಯಿತಿ ಇದೆ. ಮ್ಯೂಸಿಯಂ ಪೆಟ್ಟಿಗೆಯಲ್ಲಿ ಇಡುವುದಕ್ಕೆ ಅಡ್ಡಿಯಿಲ್ಲ. ಆದರೂ ಶಿಬಿರದಲ್ಲಿ ನಿಮ್ಮ ಭುಜದ ಮೇಲಿನ ಬಿಲ್ಲೆಯ ಫೋಟೋ ಮಾತ್ರ ಎಲ್ಲೋ ಹರಿದಾಡತೊಡಗಿದರೆ ವಿವರಣೆ ಅದರ ಹಿಂದೆ ಓಡಲಾರದು. ಜೊತೆಗೆ, ಆ ಜಾಗದಲ್ಲಿ ಆ ಆಕಾರ ಕಂಡು ನಡುಗುವ ಕುಟುಂಬಗಳು ಇಂದೂ ಇವೆ. ಗುಂಪಿನ ಯಾರಾದರೂ ‘ಇತಿಹಾಸದ ಪ್ರಕಾರ ಸರಿ’ ಎಂದು ವಾದಿಸಿದರೂ ನೀವು ಹಾಕಿಕೊಳ್ಳಬೇಡಿ. ಸರಿಯಾದ ಬೇರೆ ಬ್ರೂಚುಗಳು ಬೇಕಾದಷ್ಟಿವೆ.

ನಿಮ್ಮ ಹೆಂಡತಿಯ ವಿಷಯ. ಊರಿನ ಹೆಂಗಸಿನ ವೇಷ ಎಂದ ಕೂಡಲೇ ಆ ಪ್ರದೇಶದ ಗುಂಪುಗಳು ಮೆನಿಮಾನೆಯನ್ನು ನಕಲು ಮಾಡುತ್ತವೆ. ಮೈಂಟ್ಸ್ ಪಟ್ಟಣದ ಲ್ಯಾಂಡೆಸ್‌ಮ್ಯೂಸಿಯಂ ಸಂಗ್ರಹದಲ್ಲಿ ದೋಣಿ ವ್ಯಾಪಾರಿ ಬ್ಲುಸ್ಸುಸ್ ಮತ್ತು ಅವನ ಹೆಂಡತಿ ಮೆನಿಮಾನೆಯ ಗೋರಿಕಲ್ಲಿದೆ. ನಿಮ್ಮ ಊರಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ, ಖಂಡಿತ ನೋಡಿ. ಅವನ ಕೈಯಲ್ಲಿ ದುಡ್ಡಿನ ಚೀಲ. ಅವಳ ಕೈಯಲ್ಲಿ ನೂಲುವ ಕದಿರು, ಮಡಿಲಲ್ಲಿ ಪುಟ್ಟ ನಾಯಿ, ಮೈಮೇಲೆ ಒಂದಲ್ಲ ಹಲವು ಬ್ರೂಚು. ಭುಜದ ಹತ್ತಿರ ಮೇಲುಡುಪನ್ನು ಹಿಡಿಯುವವು ಬೇರೆ, ಎದೆಯ ಮೇಲಿನವು ಬೇರೆ. ಕಲ್ಲಿನ ಹಿಂಬದಿಯಲ್ಲಿ ಅವನ ದೋಣಿಯ ಚಿತ್ರ. ಬ್ರೂಚ್ ಹೇಗೆ ಬಟ್ಟೆಯ ರಚನೆಯ ಭಾಗವಾಗಿತ್ತು ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ: ಆ ಉಡುಪಿನಿಂದ ಬ್ರೂಚುಗಳನ್ನು ತೆಗೆದರೆ ಉಡುಪು ನೆಲಕ್ಕೆ ಬೀಳುತ್ತದೆ. ಸಮಸ್ಯೆ ಒಂದೇ, ಮೆನಿಮಾನೆ ಬದುಕಿದ್ದು ಮೊದಲನೆಯ ಶತಮಾನದ ನಡುವಿನಲ್ಲಿ. ನಿಮ್ಮ ವರ್ಷಕ್ಕೆ ಒಂದೂವರೆ ಶತಮಾನ ಹಿಂದೆ.

200ರ ಹೊತ್ತಿಗೆ ಆ ಸೀಮೆಯ ಗಂಡಸರೂ ಹೆಂಗಸರೂ ಹಾಕುತ್ತಿದ್ದದ್ದು ಗಾಲ್ ನಾಡಿನ (ಇಂದಿನ ಫ್ರಾನ್ಸ್ ಮತ್ತು ಆಸುಪಾಸು) ಅಗಲವಾದ, ಹೊಲಿದ, ತಲೆಯಿಂದ ತೊಡುವ ನಿಲುವಂಗಿ. ಅದು ಬ್ರೂಚ್ ಇಲ್ಲದೆಯೇ ನಿಲ್ಲುತ್ತದೆ. ಹಾಗಾಗಿ ಹೆಂಗಸರ ಬ್ರೂಚುಗಳ ಸಂಖ್ಯೆ ಇಳಿದು, ಉಳಿದದ್ದು ಅಂದಕ್ಕೆ, ಇಲ್ಲವೇ ಮೇಲುಹೊದಿಕೆಯ ಅಂಚು ಹಿಡಿಯಲು ಒಂದೋ ಎರಡೋ. ನೀವು ಮೆಚ್ಚಿದ ಮೊಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಎರಡನೆಯ ಶತಮಾನದಲ್ಲಿ ಗಾಲ್, ರೈನ್, ಬ್ರಿಟನ್ ಕಡೆ ಇಂಥ ಚಪ್ಪಟೆ ಎನಾಮಲ್ ಬ್ರೂಚುಗಳು ಜನಪ್ರಿಯವಾಗಿದ್ದವು: ಮೊಲ, ಮೀನು, ಕುದುರೆ ಸವಾರ, ಚಪ್ಪಲಿಯ ಅಡಿ, ದುಂಡು ಬಿಲ್ಲೆ. ಚಪ್ಪಲಿಯಡಿಯ ಬ್ರೂಚಿನಲ್ಲಿ ಅಟ್ಟೆಯ ಮೊಳೆಗಳನ್ನು ಕೂಡ ಎನಾಮಲ್ ಚುಕ್ಕಿಗಳಿಂದ ತೋರಿಸುತ್ತಿದ್ದರು, ನನಗೆ ಅದೇ ಹೆಚ್ಚು ಇಷ್ಟ. ಆದರೆ ಬಣ್ಣ ಯಾವುದರದೆಂದು ಕೇಳಿ. ಅಂದು ಲೋಹದಲ್ಲಿ ಕುಳಿ ತೆಗೆದು ಗಾಜಿನ ಪುಡಿ ತುಂಬಿ ಬೆಂಕಿಯಲ್ಲಿ ಕರಗಿಸುತ್ತಿದ್ದರು. ಇಂದು ಅಗ್ಗದವಕ್ಕೆ ಎಪಾಕ್ಸಿ ಅಂಟು ತುಂಬುತ್ತಾರೆ. ಅದು ಪ್ಲಾಸ್ಟಿಕ್ಕಿನ ಹಾಗೆ ಹೊಳೆಯುತ್ತದೆ, ಉಗುರಿನಿಂದ ಕೆರೆದರೆ ಗೆರೆ ಬೀಳುತ್ತದೆ. ಗಾಜಿನದಕ್ಕೆ ದುಡ್ಡಿಲ್ಲದಿದ್ದರೆ ಎನಾಮಲ್ ಇಲ್ಲದ, ಕಲಾಯಿ ಹಾಕಿದ ಸಾದಾ ಬಿಲ್ಲೆಯೇ ಲೇಸು. ಹಗುರವಾದ ಬಟ್ಟೆಗಷ್ಟೇ ಅದನ್ನು ಬಳಸಲಿ. ಇವುಗಳ ಸೂಜಿಗೂ ತಟ್ಟೆಗೂ ನಡುವೆ ಜಾಗ ಕಡಿಮೆ, ದಪ್ಪ ಉಣ್ಣೆ ತುರುಕಿದರೆ ಸೂಜಿ ಗೂಡಿನಿಂದ ಹೊರಗೆ ಹಾರುತ್ತದೆ.

ಕೊನೆಗೆ ಹರಾಜಿನ ಪುರಾತನ ಬ್ರೂಚುಗಳು. ಅಗ್ಗವಾಗಿರುವುದು ನಿಜ, ಅಗ್ಗವಾಗಿರಲು ಕಾರಣವೂ ಇದೆ. ಮೆಟಲ್ ಡಿಟೆಕ್ಟರ್ ಹಿಡಿದು ರಾತ್ರಿ ಹೊಲಗಳಲ್ಲಿ ತೋಡಿ ತೆಗೆದ ಮಾಲಿಗೆ ಹುಟ್ಟೂರು ಇರುವುದಿಲ್ಲ. ಯಾವ ಪದರದಲ್ಲಿ, ಯಾವ ನಾಣ್ಯದ ಪಕ್ಕ ಸಿಕ್ಕಿತು ಎನ್ನುವುದು ಅಳಿಸಿಹೋದ ಮೇಲೆ ಅದು ಯಾರಿಗೂ ಏನೂ ಹೇಳದ ಲೋಹದ ಚೂರು. ಬೋಮೆಯ ಪಟ್ಟಿ ಸಾಧ್ಯವಾದದ್ದು ಅಂಥ ಮಾಹಿತಿ ಉಳಿದಿದ್ದರಿಂದ. ನೀವು ಇಂದು ಸರಿಯಾದ ಬ್ರೂಚ್ ಆರಿಸಲು ಆಗುತ್ತಿರುವುದೂ ಅದರಿಂದ. ಇಂಗ್ಲೆಂಡ್, ವೇಲ್ಸ್‌ಗಳಲ್ಲಿ ಡಿಟೆಕ್ಟರ್‌ನವರು ಸಿಕ್ಕಿದ್ದನ್ನು ಜಾಗದ ಸಮೇತ ದಾಖಲಿಸಲು 1997ರಿಂದ ಒಂದು ಸಾರ್ವಜನಿಕ ವ್ಯವಸ್ಥೆ ಇದೆ, ಸಾವಿರಾರು ಬ್ರೂಚುಗಳ ಫೋಟೋ, ಅಳತೆ ಎಲ್ಲರಿಗೂ ಉಚಿತವಾಗಿ ಸಿಗುತ್ತದೆ. ಜರ್ಮನಿಯ 2016ರ ಸಾಂಸ್ಕೃತಿಕ ಸ್ವತ್ತಿನ ಕಾಯ್ದೆ ಇಂಥ ವಸ್ತುಗಳನ್ನು ಮಾರುಕಟ್ಟೆಗೆ ತರುವವರ ಮೇಲೆ ಮೂಲ ಪರಿಶೀಲಿಸುವ ಹೊಣೆ ಹಾಕಿದೆ. ದಾಖಲೆಯಿಲ್ಲದ ಮಾಲನ್ನು ನೀವು ಮುಂದೆ ಮಾರಲು ಹೋದರೂ ತೊಡಕೇ.

ಅದೆಲ್ಲ ಬದಿಗಿರಲಿ ಎಂದರೂ ಅವು ಹಾಕಿಕೊಳ್ಳಲು ಬರುವುದಿಲ್ಲ. ಮಣ್ಣಿನ ಉಪ್ಪು ಲೋಹದೊಳಗೆ ಇಳಿದಿರುತ್ತದೆ. ಬೆವರು, ತೇವ ತಾಗಿದರೆ ತಿಳಿಹಸಿರು ಪುಡಿ ಉದುರತೊಡಗಿ ಬ್ರೂಚ್ ಒಳಗಿಂದ ತಿಂದುಹೋಗುತ್ತದೆ. ಸ್ಪ್ರಿಂಗ್ ಇಷ್ಟು ವರ್ಷದಲ್ಲಿ ಬಿರುಸಾಗಿ ಒಂದೇ ಬಾರಿ ಬಗ್ಗಿಸಿದರೂ ತುಂಡಾಗುತ್ತದೆ. ಆ ದುಡ್ಡಿಗೆ ಇನ್ನಷ್ಟು ಸೇರಿಸಿ ಕೈಯಿಂದ ಮಾಡುವ ಕುಶಲಕರ್ಮಿಯೊಬ್ಬರನ್ನು ಹಿಡಿಯಿರಿ. ಬಾಡ್ ಹೊಂಬುರ್ಗ್‌ನಿಂದ ಸಾಲ್‌ಬುರ್ಗ್‌ಗೆ ಬಸ್ಸಿದೆ. ಅಲ್ಲಿಯ ಮ್ಯೂಸಿಯಂನಲ್ಲಿ ನಿಮ್ಮ ಕಾಲದ ಒಂದು ಬ್ರೂಚ್ ಆರಿಸಿ, ಅನುಮತಿ ಇದ್ದರೆ ಮುಂದಿನಿಂದಲೂ ಬದಿಯಿಂದಲೂ ಫೋಟೋ ತೆಗೆದು, ಫಲಕದಲ್ಲಿ ಸಂಖ್ಯೆ ಇದ್ದರೆ ಬರೆದುಕೊಂಡು, ‘ಇದೇ ಗಾತ್ರ, ಸ್ಪ್ರಿಂಗ್ ಗಡುಸು ತಂತಿಯದು, ಹಸಿರು ಬಳಿಯಬೇಡಿ’ ಎಂದು ಕುಶಲಕರ್ಮಿಗೆ ಕಳಿಸಿ. ಒಂದರ ಬದಲು ಎರಡು ಮಾಡಿಸಿಕೊಳ್ಳಿ, ಹುಲ್ಲಿನಲ್ಲಿ ಬಿದ್ದ ಮೂರು ಸೆಂಟಿಮೀಟರಿನ ಹಿತ್ತಾಳೆ ಸುಲಭಕ್ಕೆ ಸಿಗುವುದಿಲ್ಲ.